ಕಾಡಿನ ಪರವಾಗಿ ಅರ್ಥ ಹೇಳುವವರು ಯಾರು?

1991ರ ನವೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯವು ಒಂದು ವಿಶಿಷ್ಟವಾದ ಆದೇಶವನ್ನು ಹೊರಡಿಸಿತು. ಎಂ. ಸಿ. ಮೆಹ್ತಾ ಅವರು ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೇಲೆ ಬಂದ ಆ ಆದೇಶದಂತೆ, ದೇಶದ ಚಿತ್ರಮಂದಿರಗಳೂ ಟೂರಿಂಗ್ ಟಾಕೀಸುಗಳೂ ವಿಡಿಯೋ ಪಾರ್ಲರುಗಳೂ ಪ್ರತಿಯೊಂದು ಪ್ರದರ್ಶನದಲ್ಲಿ ಪರಿಸರ ಕುರಿತ ಕನಿಷ್ಠ ಎರಡು ಸ್ಲೈಡುಗಳನ್ನು ಉಚಿತವಾಗಿ ತೋರಿಸಬೇಕಾಗಿತ್ತು. ತೋರಿಸದವರ ಪರವಾನಗಿಯನ್ನೇ ರದ್ದುಪಡಿಸಬಹುದಾಗಿತ್ತು. ಆಕಾಶವಾಣಿಯೂ ದೂರದರ್ಶನವೂ ದಿನಕ್ಕೆ ಐದರಿಂದ ಏಳು ನಿಮಿಷಗಳನ್ನು ಈ ವಿಷಯಕ್ಕೆ ಮೀಸಲಿಡಬೇಕೆಂದೂ, ಶಾಲೆಗಳಲ್ಲಿ ಪರಿಸರ ಪಾಠವು ಕಡ್ಡಾಯವಾಗಬೇಕೆಂದೂ ಅದೇ ಆದೇಶ ಹೇಳಿತು. ಸಂವಿಧಾನದ 51ಎ(ಜಿ) ವಿಧಿಯು 1976ರಿಂದ ನಮ್ಮ ಮೇಲೆ ಹೊರಿಸಿರುವ ಕರ್ತವ್ಯವನ್ನು, ಅಂದರೆ ಕಾಡು, ಕೆರೆ, ನದಿ, ವನ್ಯಜೀವಿಗಳನ್ನು ಕಾಪಾಡುವ ಮತ್ತು ಸಕಲ ಪ್ರಾಣಿಗಳಲ್ಲಿ ದಯೆಯಿಡುವ ಕರ್ತವ್ಯವನ್ನು, ಜನರಿಗೆ ತಿಳಿಸದೆ ಅವರಿಂದ ಪಾಲಿಸಿಕೊಳ್ಳುವುದು ಹೇಗೆ ಎಂಬುದು ನ್ಯಾಯಾಲಯದ ಆಲೋಚನೆಯಾಗಿತ್ತು.

ಆಲೋಚನೆ ಸರಿಯಾದುದೇ. ಆದರೆ ಬಾಲ್ಯದಲ್ಲಿ ಟಾಕೀಸಿಗೆ ಹೋಗುತ್ತಿದ್ದ ನನ್ನ ತಲೆಮಾರಿನವರಿಗೆ ಆ ಸ್ಲೈಡುಗಳ ಹೊತ್ತು ಯಾವುದಕ್ಕೆ ಬಳಕೆಯಾಗುತ್ತಿತ್ತೆಂಬುದು ನೆನಪಿದೆ: ತಡವಾಗಿ ಬಂದವರು ಕತ್ತಲಲ್ಲಿ ತಮ್ಮ ಕುರ್ಚಿ ಹುಡುಕುವುದಕ್ಕೆ. ತೋರಿಸು ಎಂದು ಕಾನೂನು ಆಜ್ಞಾಪಿಸಬಲ್ಲದು, ನೋಡು ಎಂದು ಆಜ್ಞಾಪಿಸಲಾರದು. ಕಾನೂನನ್ನೇ ಕಸುಬಾಗಿಸಿಕೊಂಡ ನಾನು ಈ ಮಾತನ್ನು ಅದರ ನಿಂದೆಯಾಗಿ ಹೇಳುತ್ತಿಲ್ಲ. ಕಾನೂನಿನ ಕೈ ಎಲ್ಲಿಯವರೆಗೆ ಚಾಚುತ್ತದೆ, ಅಲ್ಲಿಂದಾಚೆಗೆ ಬೇರೆ ಯಾವ ಕೈ ಬೇಕು ಎಂಬುದನ್ನು ಗುರುತಿಸಿಕೊಳ್ಳಬೇಕೆಂಬುದಷ್ಟೇ ನನ್ನ ಉದ್ದೇಶ. ಆ ಇನ್ನೊಂದು ಕೈ ಗಡಿನಾಡಿನ ನಮ್ಮಲ್ಲಿ ಬಹಳ ಹಿಂದಿನಿಂದಲೂ ಇದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ನಾವು ಅದನ್ನು ಈ ಕೆಲಸಕ್ಕೆ ಸರಿಯಾಗಿ ಬಳಸಿಕೊಂಡಿಲ್ಲ.

ನಾವು ವಾಸಿಸುವ ಈ ರಾಜ್ಯದಲ್ಲಿಯೇ ಅದಕ್ಕೊಂದು ದೊಡ್ಡ ನಿದರ್ಶನವಿದೆ. ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿಯನ್ನು ಅಲ್ಲಿನ ಜನ ಸೈರಂಧ್ರಿ ವನವೆಂದು ಕರೆಯುತ್ತಾರೆ. ಅದರ ನಡುವೆ ಹರಿಯುವ ಹೊಳೆಗೆ ಕುಂತಿಯ ಹೆಸರು, ಕುಂತಿಪ್ಪುಳ. ಆ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆಗೆ ವಿರೋಧ ಹುಟ್ಟಿದಾಗ ವಿಷಯವು ಕೇರಳ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1980ರ ಜನವರಿ 2ರಂದು ನ್ಯಾಯಾಲಯವು ಅರ್ಜಿಯನ್ನು ವಜಾ ಮಾಡಿತು. ಸರ್ಕಾರವು ಸಂಬಂಧಪಟ್ಟ ಸಂಗತಿಗಳನ್ನು ಪರಿಗಣಿಸಿದೆ, ನೀತಿಯ ಗುಣಾವಗುಣಗಳನ್ನು ತೂಗಿ ತನ್ನ ಅಭಿಪ್ರಾಯವನ್ನು ಸರ್ಕಾರದ ಅಭಿಪ್ರಾಯದ ಜಾಗದಲ್ಲಿ ಇರಿಸುವುದು ನ್ಯಾಯಾಲಯದ ಕೆಲಸವಲ್ಲ ಎಂಬುದು ತೀರ್ಪಿನ ತಿರುಳು. ಅಂದಿನ ಕಾನೂನಿನ ಸ್ಥಿತಿಯಲ್ಲಿ ಆ ತೀರ್ಪು ಅಚ್ಚರಿಯದೇನೂ ಅಲ್ಲ. ಸಿಂಗಳೀಕಕ್ಕೆ ವಕಾಲತ್ತು ಬರೆದುಕೊಡುವ ಶಕ್ತಿಯಿಲ್ಲವಲ್ಲ.

ಬಾಗಿಲು ಮುಚ್ಚಿದ್ದು ನ್ಯಾಯಾಲಯದಲ್ಲಿ ಮಾತ್ರ. ಹೊರಗೆ ಸುಗತಕುಮಾರಿಯವರಂತಹ ಕವಿಗಳು ಊರೂರುಗಳಲ್ಲಿ ಕವಿತೆ ಓದಿದರು. ಮಲಯಾಳಿಗಳಲ್ಲಿ ಕವಿತಾವಾಚನವೆಂದರೆ ಕಾಗದ ನೋಡಿ ಒಪ್ಪಿಸುವುದಲ್ಲ. ಅದು ರಾಗವಾಗಿ ಹಾಡಿ ಸಭೆಯನ್ನು ಹಿಡಿದಿಡುವ ಒಂದು ಪ್ರದರ್ಶನವೇ ಸರಿ. ಸುಗತಕುಮಾರಿಯವರ 'ಮರತ್ತಿನು ಸ್ತುತಿ' ಆ ಚಳವಳಿಯ ಸಭೆಗಳಲ್ಲಿ ಪ್ರಾರ್ಥನೆಯ ಸ್ಥಾನ ಪಡೆಯಿತು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಯೋಜನೆಯ ಲೆಕ್ಕಪತ್ರಗಳನ್ನು ಬಿಡಿಸಿಟ್ಟಿತು. ಅದೇ 1980ರಲ್ಲಿ ಶಾಸ್ತ್ರ ಕಲಾಜಾಥಾ ಎಂಬ ಹೊಸ ಸಂಚಾರವನ್ನು ಆರಂಭಿಸಿತು. ಹಾಡು, ಕಿರುನಾಟಕ, ಜನಪದ ಕುಣಿತ ಇವುಗಳನ್ನು ಹೊತ್ತ ತಂಡವೊಂದು ರಾಜ್ಯದುದ್ದಕ್ಕೂ ಪೇಟೆ ಪೇಟೆಗಳಲ್ಲಿ, ಶಾಲೆಯಂಗಳಗಳಲ್ಲಿ, ಬಸ್ ನಿಲ್ದಾಣದ ಬದಿಗಳಲ್ಲಿ ಆಡುತ್ತ ಸಾಗಿತು. ಕುಣಿದವರಲ್ಲಿ ಶಾಲಾ ಮಾಸ್ತರರೂ ನೌಕರರೂ ಇದ್ದರು, ಪರದೆಯಿಲ್ಲ, ಟಿಕೆಟಿಲ್ಲ. 1983ರಲ್ಲಿ ಸರ್ಕಾರವು ಯೋಜನೆಯನ್ನು ಕೈಬಿಟ್ಟಿತು. 1984ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಕವಿತೆಯಿಂದಲೇ ಕಾಡು ಉಳಿಯಿತೆಂದರೆ ಅತಿಶಯೋಕ್ತಿಯಾದೀತು. ವಿಜ್ಞಾನಿಗಳ ವರದಿಗಳೂ ದೆಹಲಿಯ ರಾಜಕಾರಣವೂ ಅದಕ್ಕೆ ಕಾರಣವಾದವು. ಆದರೆ ಕಾಡನ್ನು ಕಣ್ಣಿನಿಂದ ಕಾಣದ ಲಕ್ಷಾಂತರ ಮಂದಿ ಅದು ತಮ್ಮದೆಂದು ಭಾವಿಸಿದ್ದು ವರದಿಗಳನ್ನು ಓದಿಯಂತೂ ಅಲ್ಲ.

ಹಿಮಾಲಯದ ಚಿಪ್ಕೋ ಚಳವಳಿಯಲ್ಲಿ ಘನಶ್ಯಾಮ ಸೈಲಾನಿ ಎಂಬ ಜನಪದ ಕವಿ ಗಢವಾಲಿಯಲ್ಲಿ ಹಾಡು ಕಟ್ಟಿ ಹಳ್ಳಿಗಳಲ್ಲಿ ಹಾಡುತ್ತ ನಡೆದರು. 1983ರಲ್ಲಿ ಶಿರಸಿಯ ಬಳಿಯ ಸಾಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯೂ ಪಾದಯಾತ್ರೆಯ ಜೊತೆಗೆ ಜನಪದ ಕುಣಿತ, ಬೀದಿನಾಟಕಗಳನ್ನು ಬಳಸಿತು. ಎಲ್ಲ ಕಡೆಗಳಲ್ಲಿಯೂ ಕಾಣುವ ಸಾಮಾನ್ಯ ಅಂಶವೊಂದಿದೆ: ಹಾಡಿದ್ದು ಆ ಊರಿನ ಮಾತಿನಲ್ಲಿ.

ಇಲ್ಲಿಯೇ ನಮ್ಮ ಸಮಸ್ಯೆ ಶುರುವಾಗುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಯ ಒಬ್ಬ ರೈತನ ದಿನಚರಿಯನ್ನು ನೋಡಿ. ಮನೆಯಲ್ಲಿ ತುಳು, ಹವ್ಯಕ, ಕರಾಡ ಅಥವಾ ಕೊಂಕಣಿ. ಶಾಲೆಯಲ್ಲಿ ಕಲಿತದ್ದು ಕನ್ನಡ. ಪಂಚಾಯತು, ವಿಲ್ಲೇಜು, ಕೃಷಿಭವನಗಳ ವ್ಯವಹಾರ ಮಲಯಾಳ. ನ್ಯಾಯಾಲಯದ ಕಡತ ಇಂಗ್ಲಿಷು. ಪರಿಸರದ ಪಾಠವೂ ಅವನಿಗೆ ಬಹುಪಾಲು ಮೂರನೆಯ ಭಾಷೆಯಲ್ಲಿಯೇ ಬರುತ್ತದೆ. ಕಲಾಜಾಥಾದ ಉತ್ಸಾಹವನ್ನು ನಮ್ಮವರು ಮೆಚ್ಚಿದರು, ಚಪ್ಪಾಳೆ ತಟ್ಟಿದರು. ಆದರೆ ಮಾತಿನ ಮೊನೆ ಮೈಗೆ ತಾಗಬೇಕಾದರೆ ಅದು ಮನೆಯ ಮಾತಾಗಿರಬೇಕು.

ಮಾತಿನ ಮೊನೆ ಎಂದೆ. ಅದಕ್ಕೊಂದು ನೋವಿನ ದೃಷ್ಟಾಂತ ಇದೇ ಮಣ್ಣಿನದು. ನಮ್ಮ ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ 'ಮದ್ದು ಬಿಡುವುದು' ಎನ್ನುತ್ತೇವೆ. ಜ್ವರಕ್ಕೆ ಕುಡಿಯುವ ಕಷಾಯವೂ ಮದ್ದು, ಕೀಟವನ್ನು ಕೊಲ್ಲುವ ರಾಸಾಯನಿಕವೂ ಮದ್ದು. ಜಿಲ್ಲೆಯ ಸುಮಾರು 4,600 ಹೆಕ್ಟೇರ್ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ ಜನರ ಬಾಯಲ್ಲಿ ಅದು ಮದ್ದೇ ಆಗಿತ್ತು. ಹೆಲಿಕಾಪ್ಟರ್ ಬಂದ ದಿನ ಮಕ್ಕಳು ಅಂಗಳಕ್ಕೆ ಓಡಿ ತಲೆಯೆತ್ತಿ ನೋಡುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಮದ್ದಿಗೆ ಹೆದರುವವರು ಯಾರು? ಒಂದು ಪದದ ಎರಡು ಅರ್ಥಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸುವ ಕೆಲಸವನ್ನು ಆಗ ಯಾರೂ ಮಾಡಲಿಲ್ಲ. ಪದವನ್ನು ಹಿಡಿದು ಅರ್ಥವನ್ನು ಒಡೆದು ತೋರಿಸುವುದೇ ಕಸುಬಾದ ಅರ್ಥಧಾರಿಗಳು ಮನೆಮನೆಗೆ ಇರುವ ಸೀಮೆಯಲ್ಲಿ ಹೀಗಾಯಿತೆಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಮುಂದಿನ ಕಥೆಯನ್ನು ಓದುಗರು ಬಲ್ಲರು. ಪಡ್ರೆಯ ವಾಣೀನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಅಸಹಜವಾದ ಕಾಯಿಲೆಗಳನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆಯವರು ಬರೆದರು. ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಲ್ಲಿ ದಾವೆ ಹೂಡಿ, 2000ದಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ದೇಶದ ಪರಿಸರ ನ್ಯಾಯದ ಚರಿತ್ರೆಯಲ್ಲಿ ಒಂದು ಮುನ್ಸಿಫ್ ಕೋರ್ಟಿನ ಹೆಸರು ಹೀಗೆ ಮೂಡಿದ್ದು ನಮ್ಮ ಜಿಲ್ಲೆಯ ವಕೀಲರೆಲ್ಲ ಹೆಮ್ಮೆಪಡಬೇಕಾದ ವಿಷಯ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. 2022ರಲ್ಲಿಯೂ ಅದೇ ನ್ಯಾಯಾಲಯ ವಿಳಂಬಕ್ಕಾಗಿ ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಕಾನೂನು ಬಂತು, ಆದರೆ ತೊಟ್ಟಿಲಲ್ಲಿದ್ದ ಮಗು ಮತದಾರನಾಗುವಷ್ಟು ಹೊತ್ತು ಹಿಡಿಯಿತು.

ನ್ಯಾಯಾಲಯಕ್ಕೆ ಸಾಕ್ಷ್ಯ ಬೇಕು, ಅದೂ ಒಂದು ನಿರ್ದಿಷ್ಟ ರೂಪದಲ್ಲಿ ಬೇಕು. "ಜೇನು ಬರುವುದು ನಿಂತಿತು, ತೋಡಿನಲ್ಲಿ ಮೀನು ತೇಲಿತು, ಆಮೇಲೆ ದನ ಕಂದು ಹಾಕಿತು" ಎಂದು ಒಬ್ಬ ತಾಯಿ ಹೇಳಿದರೆ, ಯಾವ ದಿನಾಂಕ, ಯಾವ ಪ್ರಯೋಗಾಲಯ, ಬೇರೆ ಕಾರಣವಿರಲಾರದೆ ಎಂದು ಪಾಟೀಸವಾಲಿನಲ್ಲಿ ಕೇಳಲೇಬೇಕು. ಹಾಗೆ ಕೇಳುವುದು ವಕೀಲನ ಧರ್ಮ. ಕೇಳದಿದ್ದರೆ ನಿರಪರಾಧಿಗೂ ಶಿಕ್ಷೆಯಾದೀತು. ರಂಗಸ್ಥಳಕ್ಕೆ ಆ ಕಟ್ಟಳೆಯಿಲ್ಲ. ಆ ತಾಯಿಯ ಮಾತನ್ನು ಅದು ಇಡಿಯಾಗಿ ಸ್ವೀಕರಿಸಬಲ್ಲದು, ಆದ್ದರಿಂದ ಕಾನೂನಿಗಿಂತ ಇಪ್ಪತ್ತು ವರ್ಷ ಮೊದಲೇ ಎಚ್ಚರಿಸಬಲ್ಲದು. ಆದರೆ ಈ ಸ್ವಾತಂತ್ರ್ಯವಿದೆಯೆಂದು ಮನಬಂದಂತೆ ಆರೋಪ ಹೊರಿಸಿದರೆ ರಂಗದ ಮಾತಿಗೆ ತೂಕ ಉಳಿಯುವುದಿಲ್ಲ.

ಈಗ ನಮ್ಮಲ್ಲಿ ನಡೆಯುತ್ತಿರುವ ಪರಿಸರ ನಾಟಕಗಳ ವಿಷಯಕ್ಕೆ ಬರುತ್ತೇನೆ. ಜೂನ್ 5 ಬಂತೆಂದರೆ ಶಾಲೆಗಳಲ್ಲಿ, ಸಂಘಸಂಸ್ಥೆಗಳಲ್ಲಿ, ಕಾನೂನು ಸಾಕ್ಷರತಾ ಶಿಬಿರಗಳಲ್ಲಿ ಇಂತಹ ಪ್ರದರ್ಶನಗಳು ಏರ್ಪಡುತ್ತವೆ. ನಾನೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತು ಸಾಕಷ್ಟನ್ನು ನೋಡಿದ್ದೇನೆ. ಅವುಗಳ ಕಥಾಸಂವಿಧಾನ ಹೆಚ್ಚುಕಡಿಮೆ ಒಂದೇ. ಪ್ಲಾಸ್ಟಿಕಾಸುರನೋ ಮಲಿನಾಸುರನೋ ಒಬ್ಬ ಪ್ರವೇಶಿಸಿ ಅಟ್ಟಹಾಸ ಮಾಡುತ್ತಾನೆ, ಭೂದೇವಿ ಕಣ್ಣೀರಿಡುತ್ತಾಳೆ, ದೇವಿಯೋ ವಿದ್ಯಾರ್ಥಿಗಳ ಗುಂಪೋ ಬಂದು ಅಸುರನನ್ನು ಕೊಲ್ಲುತ್ತದೆ, ಮಂಗಳಪದದ ಜಾಗದಲ್ಲಿ ಪ್ರತಿಜ್ಞಾವಿಧಿ. ಮುಗಿದ ಮೇಲೆ ಸಭಾಂಗಣದ ಹಿಂಬದಿಯಲ್ಲಿ ಬಿದ್ದ ಕಾಗದದ ಲೋಟಗಳನ್ನೂ ಫ್ಲೆಕ್ಸನ್ನೂ ಹರಿತ ಕರ್ಮಸೇನೆಯ ಅಕ್ಕಂದಿರು ಬಂದು ಆಯಬೇಕು. ಮಕ್ಕಳ ಶ್ರಮವನ್ನಾಗಲಿ ಸಂಘಟಕರ ಸದುದ್ದೇಶವನ್ನಾಗಲಿ ನಾನು ಹಗುರಮಾಡುವುದಿಲ್ಲ. ಆದರೆ ಅಸುರನು ಹೊರಗಿನಿಂದ ಬಂದವನು, ಅವನು ಸತ್ತನು, ನಾವೆಲ್ಲ ನಿರಪರಾಧಿಗಳಾಗಿ ಮನೆಗೆ ಹೋದೆವು ಎಂದಾದರೆ ಅಲ್ಲಿ ಯಾರು ಏನನ್ನು ಕಲಿತಂತಾಯಿತು?

ವಕೀಲನ ಕಣ್ಣಿಗೆ ಇದರ ದೋಷ ಬೇಗನೆ ಕಾಣುತ್ತದೆ. ಇದು ಪ್ರತಿವಾದಿಯ ಗೈರುಹಾಜರಿಯಲ್ಲಿ ನಡೆದ ವಿಚಾರಣೆ, ಏಕಪಕ್ಷೀಯ ಡಿಕ್ರಿ. ಇಂತಹ ಡಿಕ್ರಿ ಪಡೆಯುವುದು ಸುಲಭ, ಅಮಲ್ಜಾರಿಗೆ ತರುವುದು ಕಷ್ಟ ಎಂದು ಕೋರ್ಟಿನ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಮರಳು ತೆಗೆಯುವವನಿಗೆ ಅವನದೇ ಆದ ವಾದವಿದೆ. ಕೆಂಪುಕಲ್ಲಿನ ಪಣೆಯಲ್ಲಿ ದುಡಿಯುವವನಿಗೆ ಸಂಜೆಯ ಸಂಬಳವಿದೆ, ಆ ಕಲ್ಲಿನಿಂದಲೇ ಕಟ್ಟಿದ ಮನೆಯಲ್ಲಿ ನಾವು ಕುಳಿತಿದ್ದೇವೆ. ಅಜ್ಜ ತೋಡಿಸಿದ ಸುರಂಗದ ನೀರು ಸಾಲದಾದಾಗ ಕೊಳವೆಬಾವಿ ಕೊರೆಸಿದವನು ಅಸುರನಲ್ಲ, ಒಣಗುತ್ತಿರುವ ಅಡಿಕೆ ಗಿಡಗಳ ಯಜಮಾನ. ಕೊರೆಸಿದ ಮೇಲೆ ನೆರೆಮನೆಯ ಸುರಂಗವೂ ಬತ್ತಿತು ಎನ್ನುವುದು ಇನ್ನೊಂದು ಪಕ್ಷದ ವಾದ. ಇಬ್ಬರನ್ನೂ ಎದುರೆದುರು ಕುಳ್ಳಿರಿಸದೆ ನೀರಿನ ಪಾಠ ಮುಗಿಯುವುದಿಲ್ಲ.

ಎದುರೆದುರು ಕುಳ್ಳಿರಿಸುವ ಕಲೆ ನಮ್ಮ ಕೈಯಲ್ಲಿಯೇ ಇದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ತಾಳಮದ್ದಳೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಆಶುವಾಗಿ ವಾದಿಸುತ್ತಾರೆ. ಇದಿರಿನವನು ಏನು ಹೇಳುವನೆಂದು ಮೊದಲೇ ತಿಳಿದಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ನಾಡಿನಾದ್ಯಂತ ಹೆಸರಾದದ್ದು ವಾಲಿ, ರಾವಣ ಮುಂತಾದ ಪ್ರತಿಪಕ್ಷದ ಪಾತ್ರಗಳಿಂದ ಎಂಬುದನ್ನು ಗಮನಿಸಿ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ, ಮನೆಯಲ್ಲಿ ನಿತ್ಯ ರಾಮನಾಮ ಹೇಳುವವರೂ ಒಂದು ಕ್ಷಣ ವಾಲಿಯ ಕಡೆಗೆ ವಾಲುತ್ತಾರೆ. ಮತ್ತೆ ರಾಮನ ಉತ್ತರ ಕೇಳಿ ಆಲೋಚನೆಗೆ ಬೀಳುತ್ತಾರೆ. ಮನೆಗೆ ಮರಳುವ ದಾರಿಯಲ್ಲಿ ವಾದ ಮುಂದುವರಿಯುತ್ತದೆ. ನ್ಯಾಯಾಧೀಶನಿಲ್ಲದ ನ್ಯಾಯಾಲಯವಿದು, ತೀರ್ಪನ್ನು ಪ್ರೇಕ್ಷಕರು ತಾವಾಗಿಯೇ ಬರೆದುಕೊಳ್ಳಬೇಕು.

ಪರಿಸರದ ಪ್ರಶ್ನೆಯನ್ನು ಈ ಅಂಗಳಕ್ಕೆ ತರುವುದಕ್ಕೆ ಹೊಸ ಪ್ರಸಂಗ ರಚಿಸಬೇಕಾದ ಅಗತ್ಯವೂ ಇಲ್ಲ. ಮಹಾಭಾರತದ ಆದಿಪರ್ವದ ಕೊನೆಯಲ್ಲಿರುವ ಖಾಂಡವದಹನವನ್ನು ಒಮ್ಮೆ ಪರಿಸರದ ಕಣ್ಣಿನಿಂದ ನೋಡಿ. ಶ್ವೇತಕಿ ಎಂಬ ಅರಸನ ಮುಗಿಯದ ಯಜ್ಞಗಳಲ್ಲಿ ತುಪ್ಪ ಕುಡಿದು ಕುಡಿದು ಅಗ್ನಿಗೆ ಅಜೀರ್ಣವಾಗಿದೆ. ಅದಕ್ಕೆ ಹೇಳಿದ ಮದ್ದು ಖಾಂಡವವನ. ಇಲ್ಲಿಯೂ ಮದ್ದು! ಅಗ್ನಿ ಬ್ರಾಹ್ಮಣನ ರೂಪದಲ್ಲಿ ಬಂದು ಕೃಷ್ಣಾರ್ಜುನರನ್ನು ಆಹಾರ ಬೇಡುತ್ತಾನೆ. ಅರ್ಜುನನು ತನ್ನಲ್ಲಿ ತಕ್ಕ ಸಾಧನಗಳಿಲ್ಲವೆನ್ನುತ್ತಾನೆ. ವರುಣನ ಮೂಲಕ ಗಾಂಡೀವ, ಅಕ್ಷಯ ಬತ್ತಳಿಕೆ, ರಥಗಳು ಬರುತ್ತವೆ. ಕಾಡಿನ ಎರಡು ಪಕ್ಕಗಳಲ್ಲಿ ಇಬ್ಬರು ವೀರರು ನಿಂತು, ಹೊರಗೋಡುವ ಪ್ರಾಣಿಗಳನ್ನು ಮತ್ತೆ ಬೆಂಕಿಗೇ ಅಟ್ಟುತ್ತಾರೆ. ಇಂದ್ರನು ಮಳೆ ಸುರಿಸಿದರೆ ಅರ್ಜುನನ ಬಾಣಗಳು ಅದನ್ನು ತಡೆಯುತ್ತವೆ. ಹದಿನೈದು ದಿನ ಕಾಡು ಉರಿಯುತ್ತದೆ. ಉಳಿದವರು ಆರೇ ಮಂದಿ: ತಕ್ಷಕನ ಮಗ ಅಶ್ವಸೇನ, ದಾನವ ಶಿಲ್ಪಿ ಮಯ, ಮತ್ತು ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು.

ಇಲ್ಲಿ ಅಸುರನನ್ನು ಹುಡುಕಿದರೆ ಸಿಗುವುದಿಲ್ಲ. ಕಾಡು ಸುಟ್ಟವರು ನಮ್ಮ ಆರಾಧ್ಯರು. ಆದ್ದರಿಂದಲೇ ಇದು ಪಾಠಕ್ಕೆ ಯೋಗ್ಯ. ಅರ್ಜುನನ ಅರ್ಥವನ್ನು ಸಮರ್ಥರಾದವರು ಹೇಳಿದರೆ ಅದು ದುರ್ಬಲವಾಗುವುದಿಲ್ಲ: ಹಸ್ತಿನಾವತಿಯ ಒಳ್ಳೆಯ ಭಾಗವನ್ನು ದಾಯಾದಿಗಳು ಇಟ್ಟುಕೊಂಡು ಬಂಜರನ್ನು ನಮಗೆ ಕೊಟ್ಟರು, ನಂಬಿ ಬಂದ ಪ್ರಜೆಗಳಿಗೆ ಹೊಲ ಬೇಡವೇ, ನಗರ ಬೇಡವೇ, ಬೇಡಿ ಬಂದವನಿಗೆ ಇಲ್ಲವೆನ್ನುವುದು ಕ್ಷತ್ರಿಯಧರ್ಮವೇ? ಚತುಷ್ಪಥ ಹೆದ್ದಾರಿಗೂ, ವಿದ್ಯುತ್ ಯೋಜನೆಗೂ ಇಂದು ಹೇಳುವ ವಾದ ಇದೇ. ಅದು ಸುಳ್ಳು ವಾದವೂ ಅಲ್ಲ. ಇದಿರಿನಲ್ಲಿ ತಕ್ಷಕನ ಮಡದಿ ಕೇಳಬೇಕು: ನಿನ್ನ ಅತಿಥಿಯ ಅಜೀರ್ಣಕ್ಕೆ ನನ್ನ ಮಗು ಯಾಕೆ ಮದ್ದಾಗಬೇಕು? ತುಪ್ಪ ಉಂಡವರು ಯಾರು, ಉರಿದವರು ಯಾರು?

ಆ ಕಥೆಯಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಸೆಳೆದವನು ಮಂದಪಾಲ. ಸಂತಾನವಿಲ್ಲದೆ ಸ್ವರ್ಗವಿಲ್ಲವೆಂದು ತಿಳಿದು ಹಕ್ಕಿಯ ರೂಪ ತಳೆದ ಋಷಿ ಅವನು. ಜರಿತೆಯೆಂಬ ಹೆಣ್ಣುಹಕ್ಕಿಯಲ್ಲಿ ನಾಲ್ಕು ಮರಿಗಳನ್ನು ಪಡೆದು, ಅವು ಇನ್ನೂ ಮೊಟ್ಟೆಯಲ್ಲಿರುವಾಗಲೇ ಲಪಿತೆಯೆಂಬ ಇನ್ನೊಬ್ಬಳ ಹಿಂದೆ ಹೋದವನು. ಅಗ್ನಿ ಕಾಡು ಸುಡಲು ಬರುತ್ತಾನೆಂದು ತಿಳಿದಾಗ ಅವನು ಮಾಡಿದ್ದೇನು? ಅಗ್ನಿಯನ್ನು ಸ್ತುತಿಸಿ, ನನ್ನ ಮಕ್ಕಳನ್ನು ಮಾತ್ರ ಉಳಿಸು ಎಂದು ಬೇಡಿದನು. ಕಾಡನ್ನು ಉಳಿಸು ಎನ್ನಲಿಲ್ಲ. ಅಗ್ನಿ ಒಪ್ಪಿದನು. ರೆಕ್ಕೆ ಬಲಿಯದ ಮರಿಗಳನ್ನು ಇಲಿಯ ಬಿಲದಲ್ಲಿ ಬಚ್ಚಿಡುತ್ತೇನೆಂದು ಜರಿತೆ ಹೇಳಿದರೆ, ಇಲಿಯ ಬಾಯಿಗಿಂತ ಬೆಂಕಿಯೇ ಮೇಲೆಂದು ಮರಿಗಳು ವಾದಿಸಿ ತಾಯಿಯನ್ನು ಕಳಿಸಿಕೊಡುತ್ತವೆ. ಕೊನೆಗೆ ಅಗ್ನಿ ಎದುರು ಬಂದು ಏನು ಬೇಕೆಂದು ಕೇಳಿದಾಗ ಆ ಮರಿಗಳ ಬೇಡಿಕೆ ಇನ್ನೂ ಸ್ವಾರಸ್ಯದ್ದು: ಈ ಬೆಕ್ಕುಗಳು ನಮ್ಮನ್ನು ದಿನವೂ ಕಾಡುತ್ತವೆ, ಇವನ್ನು ಬಂಧುಬಳಗ ಸಹಿತ ಸುಟ್ಟುಬಿಡು! ಅಗ್ನಿ ಅದನ್ನೂ ನಡೆಸಿಕೊಟ್ಟನು.

ಪಣೆಯ ವಿರುದ್ಧ ಸಹಿ ಹಾಕಿದವನು ತನ್ನ ಮನೆಯಿಂದ ನೂರು ಮೀಟರ್ ಆಚೆಗೆ ಅದು ಸರಿದೊಡನೆ ಸಹಿ ಹಿಂತೆಗೆಯುವುದನ್ನು ವೃತ್ತಿಯಲ್ಲಿ ಕಂಡಿದ್ದೇನೆ. ಅಂತಹ ಕಕ್ಷಿಗಾರ ಎದುರು ಕುಳಿತಾಗಲೆಲ್ಲ ನನಗೆ ಮಂದಪಾಲ ನೆನಪಾಗುತ್ತಾನೆ. ಅವನೂ ಕೆಟ್ಟವನಲ್ಲ, ತಂದೆ. ಇನ್ನು ಮಯನ ಕಥೆ. ಜೀವ ಉಳಿದ ಕೃತಜ್ಞತೆಗೆ ಅವನು ಪಾಂಡವರಿಗೆ ಅದ್ಭುತವಾದ ಸಭೆಯನ್ನು ಕಟ್ಟಿಕೊಟ್ಟನು. ಆ ಸಭೆಯಲ್ಲಿಯೇ ದುರ್ಯೋಧನ ನೆಲವೆಂದು ನೀರಿಗೆ ಬಿದ್ದು ಅವಮಾನಗೊಂಡದ್ದು; ಅಲ್ಲಿಂದ ಜೂಜು, ವನವಾಸ, ಕುರುಕ್ಷೇತ್ರ. ಕಾಡು ಸುಟ್ಟು ಕಟ್ಟಿದ ವೈಭವ ಎಲ್ಲಿಗೆ ಮುಟ್ಟಿಸಿತು ಎಂಬುದನ್ನು ಒಳ್ಳೆಯ ಅರ್ಥಧಾರಿ ಎರಡೇ ವಾಕ್ಯಗಳಲ್ಲಿ ಸೂಚಿಸಿ ಸುಮ್ಮನಾಗಬಲ್ಲ. ಅಶ್ವಸೇನನೂ ಸುಮ್ಮನಿರಲಿಲ್ಲ, ಕರ್ಣನ ಬಾಣವಾಗಿ ಬಂದನಷ್ಟೆ.

ಎಲ್ಲ ಕಲೆಗಳನ್ನೂ ಹೀಗೆ ದುಡಿಸಿಕೊಳ್ಳಬಹುದೆಂದು ನಾನು ಹೇಳುತ್ತಿಲ್ಲ. ಭೂತಕೋಲ, ತೆಯ್ಯಗಳ ಬಾಯಲ್ಲಿ ಪರಿಸರ ಸಂದೇಶ ಹೇಳಿಸೋಣ ಎಂಬ ಸಲಹೆಯನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಪಂಜುರ್ಲಿಗೂ ಪಿಲಿಚಾಮುಂಡಿಗೂ ನಾವು ಭಾಷಣ ಬರೆದುಕೊಡುವುದು ಉದ್ಧಟತನ. ಹಂದಿಯೂ ಹುಲಿಯೂ ಪೂಜೆಗೊಳ್ಳುವ, ಬನದ ಒಣಕಡ್ಡಿಯನ್ನೂ ಮನೆಗೆ ತಾರದ ಕಟ್ಟುಪಾಡು ಅಲ್ಲಿ ಆಗಲೇ ಇದೆ. ನಾಗಬನದ ಮರ ಕಡಿದು ಕಾಂಕ್ರೀಟು ಕಟ್ಟೆ ಕಟ್ಟದಿದ್ದರೆ ಸಾಕು, ಅದೇ ಆ ಕಲೆಗೆ ನಾವು ಮಾಡುವ ಸೇವೆ. ಆಟಿ ಕಳೆಂಜನ ವಿಷಯವೂ ಹಾಗೆಯೇ. ಎಳೆಯ ತೆಂಗಿನ ಗರಿ ಉಟ್ಟು, ಕೈಯಲ್ಲಿ ಕೊಡೆ ಹಿಡಿದು ಮನೆಮನೆಗೆ ಬರುವ ಕಳೆಂಜ, ಆಟಿ ಅಮಾವಾಸ್ಯೆಗೆ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯ ಇವು ವೇದಿಕೆಯ ಮೇಲಿನ ಹತ್ತು ನಿಮಿಷಗಳ 'ಐಟಂ' ಆಗಿಬಿಟ್ಟಿರುವುದು ದುಃಖದ ಸಂಗತಿ. ಮರವನ್ನು ಗುರುತಿಸಬಲ್ಲ ಹುಡುಗರು ಎಷ್ಟು ಮಂದಿ ಉಳಿದಿದ್ದಾರೆ?

ಇನ್ನೊಂದು ಇಕ್ಕಟ್ಟನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಪರಿಸರದ ಕಾನೂನೇ ನಮ್ಮ ಕಲೆಗೆ ತಾಗಿದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನ ಮೀರದಂತೆ, ಮಧ್ಯರಾತ್ರಿಯ ತನಕ ಮಾತ್ರ ಸಡಿಲಿಕೆ ಕೊಡಬಹುದು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಬೆಳಗಿನವರೆಗಿನ ಆಟ ಕಾಲಮಿತಿಗೆ ಇಳಿದದ್ದಕ್ಕೆ ಇದೂ ಒಂದು ಕಾರಣ. ಬೆಳಗಿನ ಜಾವದ ಚೆಂಡೆಯ ಸದ್ದಿಗೆ ಮನಸೋತವನಾದ ನನಗೆ ಇದು ನಷ್ಟವೆಂದೇ ಅನಿಸುತ್ತದೆ. ಆದರೂ ಪಕ್ಕದ ಮನೆಯ ರೋಗಿಯ ನಿದ್ದೆಯೂ ಪರಿಸರವೇ ಎಂಬ ವಾದಕ್ಕೆ ಉತ್ತರ ಕೊಡಲು ನನ್ನಿಂದಾಗದು. ತಾಳಮದ್ದಳೆಗೆ ಈ ತೊಡಕು ಕಡಿಮೆ. ಮನೆಯ ಚಾವಡಿಯಲ್ಲಿ, ದೇವಸ್ಥಾನದ ಸುತ್ತುಪೌಳಿಯಲ್ಲಿ ಮೂವತ್ತು ಮಂದಿ ಕುಳಿತಲ್ಲಿ ಮೈಕು ಯಾಕೆ ಬೇಕು?

ಇಷ್ಟೆಲ್ಲ ಹೇಳುವುದರ ಹಿಂದೆ ನನಗೆ ವೃತ್ತಿಸಂಬಂಧವಾದ ಒಂದು ಕಾಳಜಿಯಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ವಿಚಾರಣೆ ನಡೆಯಬೇಕು. ಅದರ ವಿಧಾನವನ್ನು ಓದಿದರೆ ತಾಳಮದ್ದಳೆಯ ನೆನಪಾಗುತ್ತದೆ: ಯೋಜನೆಯವರ ಪ್ರತಿನಿಧಿ ತನ್ನ ಪಕ್ಷವನ್ನು ಮಂಡಿಸುತ್ತಾನೆ, ಊರಿನವರು ಪ್ರಶ್ನಿಸುತ್ತಾರೆ, ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಮಾತಿನಲ್ಲಿ ಸಭೆಗೆ ಓದಿ ವಿವರಿಸಬೇಕು. ಇಷ್ಟೇ ಜನ ಸೇರಬೇಕೆಂಬ ಕೋರಂ ಇಲ್ಲ. ಅಂದರೆ ಹತ್ತೇ ಮಂದಿ ಬಂದು, ಅರ್ಥವಾಗದೆ ತೆಪ್ಪಗೆ ಕುಳಿತು ಎದ್ದು ಹೋದರೂ ವಿಚಾರಣೆ ಊರ್ಜಿತ. ವರದಿಯ ಸಾರಾಂಶವು ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ನಿಯಮ. ಗಡಿನಾಡಿನವರಿಗೆ ಆ 'ಅಥವಾ' ಎಂಬ ಪದ ಎಷ್ಟು ದೊಡ್ಡದು! ನಮ್ಮ ಗ್ರಾಮಗಳಲ್ಲಿ ಸ್ಥಳೀಯ ಭಾಷೆ ಯಾವುದೆಂದು ಕೇಳಿ, ಕನ್ನಡದ ಸಾರಾಂಶವನ್ನು ಲಿಖಿತವಾಗಿ ಬೇಡುವ ಆಧಾರ ಅಲ್ಲಿದೆ. 2020ರಲ್ಲಿ ಹೊಸ ಅಧಿಸೂಚನೆಯ ಕರಡನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಿದ್ದು ಈ ಬೇ��ಿಕೆಗೆ ಬಲ ಕೊಡುತ್ತದೆ.

ಆದರೆ ಕಾಗದ ಕನ್ನಡದಲ್ಲಿ ಸಿಕ್ಕಿದ ಮಾತ್ರಕ್ಕೆ ಎದ್ದು ನಿಂತು ಮಾತಾಡುವ ಬಾಯಿ ಸಿಗುವುದಿಲ್ಲ. ಅಧಿಕಾರಿಗಳ ಮೇಜಿನ ಮುಂದೆ, ಮೈಕಿನೆದುರು, ಪರರ ಭಾಷೆಯ ನಡುವೆ, ಇದಿರಿನವನ ವಾದವನ್ನು ಪೂರ್ತಿ ಕೇಳಿ ಅದರ ಸಡಿಲ ಎಳೆಯನ್ನು ಹಿಡಿದು ಪ್ರಶ್ನಿಸುವುದಕ್ಕೆ ಅಭ್ಯಾಸ ಬೇಕು. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಸ್ಪರ್ಧೆಯಿರುವುದರಿಂದ ನಮ್ಮ ಶಾಲೆಗಳಲ್ಲಿ ಹೆಜ್ಜೆ ಕಲಿಸುವ ಗುರುಗಳಿದ್ದಾರೆ. ಅರ್ಥ ಹೇಳಿಸುವುದಕ್ಕೆ ವಾರದಲ್ಲಿ ಒಂದು ಗಂಟೆ ಸೇರಿಸಿದರೆ ಹೆಚ್ಚಿನ ಖರ್ಚಿಲ್ಲ. ಒಂದು ನಿಯಮವಿರಲಿ. ಪಣೆಯಲ್ಲಿ ದುಡಿಯುವವನ ಮಗ ಕಾಡಿನ ಪರವಾಗಿಯೂ, ತೋಟದ ಯಜಮಾನನ ಮಗಳು ಅರ್ಜುನನ ಪರವಾಗಿಯೂ ಅರ್ಥ ಹೇಳಲಿ. ಮುಂದಿನ ವಾರ ಪಾತ್ರ ಬದಲಾಗಲಿ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ನಮ್ಮ ಊರುಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಈ ವರ್ಷ ಸಪ್ತಾಹ ಏರ್ಪಡಿಸುವ ಸಂಘಗಳು ಏಳರಲ್ಲಿ ಒಂದು ದಿನವನ್ನು ಖಾಂಡವದಹನಕ್ಕೆ ಕೊಡಲಿ. ಅರ್ಜುನನ ಅರ್ಥಕ್ಕೆ ಜನ ಸಿಗುತ್ತಾರೆ, ಅಗ್ನಿಗೂ ಸಿಗುತ್ತಾರೆ. ಮಂದಪಾಲನಿಗೆ ಒಬ್ಬ ಒಳ್ಳೆಯ ಅರ್ಥಧಾರಿಯನ್ನು ಸಂಘಟಕರು ಮೊದಲೇ ಗೊತ್ತುಮಾಡಿಕೊಳ್ಳಬೇಕು.